‘ನಕಲಿ ಅಂಗವಿಕಲ’ ಅಂತ ನನ್ನ ವಿಡಿಯೊ ಹಾಕ್ಯಾರೆ. ಸುಮ್ನಿರ್ಲಾ, ಕೇಳ್ಲಾ?

ಜೆರಾಕ್ಸ್ ಜಗಳೂರು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡ್ರಿ.

ಜಗಳೂರಲ್ಲಿ ತಾಲ್ಲೂಕು ಕಚೇರಿಯಿಂದ ಕೂಗಳತೆಯಲ್ಲಿ ನಂದೊಂದು ಜೆರಾಕ್ಸ್ ಅಂಗಡಿ. ಪಹಣಿ, ಜಾತಿ-ಆದಾಯ, ರೇಷನ್ ಕಾರ್ಡ್ ತಿದ್ದುಪಡಿ, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ, ಎಲ್ಲಾ ನನ್ನ ಕೈಮೇಲೇ ಹೋಗ್ತವೆ. ವಯಸ್ಸು 36. ಹುಟ್ಟಿದಾಗಿಂದ ಹಿಮೊಫಿಲಿಯಾ ಇದೆ, ಎ ಬಗೆಯದು. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಎಂಟನೇ ಫ್ಯಾಕ್ಟರ್ ನನ್ನ ಮೈಯಲ್ಲಿ ಹೆಸರಿಗಷ್ಟೇ. ಗಾಯ ಆದ್ರೆ ರಕ್ತ ನಿಲ್ಲಲ್ವಂತೆ ಅಂತ ಜನ ಕೇಳ್ತಾರೆ. ಹೊರಗಿನ ಗಾಯಕ್ಕೆ ನಾನು ಅಷ್ಟು ಹೆದರಲ್ಲ. ನಂದೆಲ್ಲಾ ಒಳಗೇ ಸೋರೋದು. ಮಂಡಿಯೊಳಗೆ ರಕ್ತ ಇಳಿದು ಇಳಿದು ಎಡಗಾಲ ಕೀಲು ಸವೆದು ಹೋಗಿದೆ. ಚೆನ್ನಾಗಿರೋ ದಿನ ನಡೀತೀನಿ, ಸ್ಕೂಟಿ ಓಡಿಸ್ತೀನಿ, ನೋಡಿದವರಿಗೆ ಏನೂ ಗೊತ್ತಾಗಲ್ಲ. ಕೆಟ್ಟ ದಿನ ಮಂಡಿ ಬೇಲದ ಹಣ್ಣಿನಷ್ಟು ಊದಿರುತ್ತೆ, ಬಚ್ಚಲಿಗೆ ಹೋಗೋಕೂ ಅಮ್ಮನ ಹೆಗಲು ಬೇಕು.

1995ರ ಕಾಯ್ದೆಯಲ್ಲಿ ಅಂಗವೈಕಲ್ಯ ಅಂದ್ರೆ ಏಳೇ ಬಗೆ. ಅದ್ರಲ್ಲಿ ನಾವಿರಲಿಲ್ಲ. 2016ರ ಕಾಯ್ದೆ ಅದನ್ನ 21 ಮಾಡ್ತು, ಹಿಮೊಫಿಲಿಯಾ, ಥಲಸೇಮಿಯಾ ಎಲ್ಲಾ ಆಗ ಸೇರಿದ್ದು. ನನಗೆ ಮೆಡಿಕಲ್ ಬೋರ್ಡ್‌ನವರು ಶೇ. 50 ಅಂತ ಸರ್ಟಿಫಿಕೇಟ್ ಕೊಟ್ರು. ತಿಂಗಳಿಗೆ 800 ರೂಪಾಯಿ ರಾಜ್ಯ ಸರ್ಕಾರದ ಪಿಂಚಣಿ ಬರುತ್ತೆ. ದಾವಣಗೆರೆಗೆ ಹೋಗಿ ಬರೋಕೆ ವರ್ಷಕ್ಕೆ 660 ಕಟ್ಟಿ ಬಸ್ ಪಾಸ್ ಮಾಡಿಸಿದೀನಿ. ಸರ್ಕಾರದಿಂದ ನಾನು ತಗೊಂಡಿರೋದು ಇಷ್ಟು.

ಈಗ ವಿಷಯ. ಹೋದ ಗುರುವಾರ ಎ4 ಹಾಳೆಯ ಬಾಕ್ಸ್ ಬಂತು. ಐದು ರೀಮಿಂದು, ಹನ್ನೆರಡು ಕೆಜಿ ಮೇಲೆ ತೂಗುತ್ತೆ. ಯಾವಾಗಲೂ ಪಕ್ಕದ ಚಹಾದಂಗಡಿ ಹುಡುಗನ ಕೈಲಿ ಇಳಿಸ್ತೀನಿ. ಅವತ್ತು ಅವನು ಊರ ಜಾತ್ರೆಗೆ ಹೋಗಿದ್ದ. ಎದುರಿಗೆ ಎಂಟು ಜನ ಕಾಯ್ತಾ ನಿಂತಿದ್ರು, ಹಾಳೆ ಖಾಲಿ. ನಾನೇ ಎತ್ಕೊಂಡು ಮೂರು ಮೆಟ್ಟಿಲು ಹತ್ತಿದೆ. ರಸ್ತೆ ಆಚೆಯಿಂದ ಯಾರೋ ಮೊಬೈಲಲ್ಲಿ ಹಿಡಿದಿದಾರೆ. ಶನಿವಾರ ಒಂದು ಯೂಟ್ಯೂಬ್ ‘ನ್ಯೂಸ್’ನಲ್ಲಿ ಬಂತು. ಹನ್ನೊಂದೇ ಸೆಕೆಂಡು, ಅದನ್ನೇ ನಾಲ್ಕು ಸಲ ತಿರುಗಾ ಮುರುಗಾ ತೋರಿಸಿದಾರೆ, ಒಂದು ಸಲ ನಿಧಾನ ಮಾಡಿ. ನನ್ನ ಎಡಗಾಲ ಸುತ್ತ ಕೆಂಪು ವೃತ್ತ, ಅದಕ್ಕೊಂದು ಬಾಣ. ಕೊಲೆ ಸುದ್ದಿಗೆ ಹಾಕೋ ಸಂಗೀತ. ಮೇಲೆ ಶೀರ್ಷಿಕೆ: ‘ಸರ್ಕಾರದ ಕಾಸಿಗೆ ಕುಂಟ, ಸ್ವಂತ ಕೆಲಸಕ್ಕೆ ಓಟ!’

ಮುಖ ಮಸುಕು ಮಾಡಿದಾರೆ, ಅಂಗಡಿ ಬೋರ್ಡ್ ಮಾತ್ರ ಹಂಗೇ ಬಿಟ್ಟಿದಾರೆ. ಜಗಳೂರಲ್ಲಿ ಬೋರ್ಡ್ ಕಂಡ್ರೆ ಸಾಕಲ್ವಾ, ಮುಖ ಯಾಕೆ?

ಹನ್ನೆರಡನೇ ಸೆಕೆಂಡಿನ ಮೇಲೆ ಏನಾಯ್ತು ಅಂತ ಅವರಿಗೆ ಬೇಕಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಮಂಡಿ ಬಿಸಿ ಆಯ್ತು, ಹನ್ನೊಂದಕ್ಕೆ ಊತ. ಬೆಳಿಗ್ಗೆ ದಾವಣಗೆರೆಗೆ ಹೋಗಿ ಫ್ಯಾಕ್ಟರ್ ಹಾಕಿಸ್ಕೊಂಡು ಬಂದೆ. ಎರಡು ದಿನ ಅಂಗಡಿ ಬಂದ್. ಆ ಬಾಕ್ಸ್ ನಾನು ಎತ್ತಬಾರದಿತ್ತು ಅನ್ನೋದು ನಿಜ, ಆದ್ರೆ ಅವರು ಹೇಳೋ ಕಾರಣಕ್ಕಲ್ಲ.

ಇನ್ನೊಂದು ಮಾತು, ಇದನ್ನ ಹೇಳದೆ ಇದ್ರೆ ನಾನೂ ಅವರ ಹಂಗೇ ಆಗ್ತೀನಿ. ನಕಲಿಗಳು ಇದಾರೆ, ನಾನೇ ಕಂಡಿದೀನಿ. ಎರಡು ವರ್ಷದ ಹಿಂದೆ ಒಬ್ಬ ಬ್ರೋಕರ್ ಒಬ್ಬರನ್ನ ಕರ್ಕೊಂಡು ಬಂದ. ಕಿವುಡು ಅಂತ ಅರ್ಜಿ. ನಾನು ಕೇಳಿದ್ದಕ್ಕೆಲ್ಲಾ ಬ್ರೋಕರೇ ಉತ್ತರ ಕೊಟ್ಟ, ಆಯಪ್ಪ ಪಾಪದ ಮುಖ ಮಾಡ್ಕೊಂಡು ಕೂತಿದ್ದ. ನಡುವೆ ಜೇಬಲ್ಲಿದ್ದ ಫೋನ್ ರಿಂಗಾಯ್ತು. ತೆಗೆದು, ‘ಹಾಂ ಹೇಳು, ಈರುಳ್ಳಿ ಲೋಡ್ ಆಯ್ತಾ’ ಅಂದ. ಮೂರೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ನಾನು ಅರ್ಜಿ ತುಂಬಿ 50 ರೂಪಾಯಿ ತಗೊಂಡೆ. ಆಮೇಲೆ ಅವನಿಗೆ ಸರ್ಟಿಫಿಕೇಟ್ ಸಿಕ್ತೋ ಇಲ್ವೋ ವಿಚಾರಿಸಲಿಲ್ಲ. ಇದು ನೆನಪಾಗಿ ಆ ಚಾನೆಲ್ ಮೇಲೆ ಕೋಪಾನೂ ಪೂರ್ತಿ ಬರ್ತಿಲ್ಲ.

ಕೇಳೋದು ಇಷ್ಟೇ. ಸುಮ್ನಿದ್ರೆ ನಾಲ್ಕು ದಿನಕ್ಕೆ ಜನ ಮರೀತಾರೆ ಅಂತಾರೆ ಅಮ್ಮ. ಕೇಳಿದ್ರೆ ಇನ್ನೊಂದು ವಿಡಿಯೊ ಮಾಡ್ತಾರೆ ಅಂತಾನೆ ಭಾವ. ಯಾರಿಗಾದ್ರೂ ಹಿಂಗಾಗಿದೆಯಾ? ಎಲ್ಲಿ ದೂರು ಕೊಡಬೇಕು? ‘ತಲೆ ಕೆಡಿಸ್ಕೋಬೇಡ’ ಅಂತ ಮಾತ್ರ ಬರೀಬೇಡ್ರಿ. ಅದನ್ನ ಆಗಲೇ ಹದಿನೇಳು ಜನ ಹೇಳಿ ಆಗಿದೆ.

⸻

ಬಯಲುಸೀಮೆ ಬಸವ ಬರೆದದ್ದು:

ಲಿಂಕ್ ಹಾಕ್ರಿ ಅಣ್ಣಾ, ನೋಡೋಣ.

ಜೆರಾಕ್ಸ್ ಜಗಳೂರು:

ಹಾಕಲ್ಲ ತಮ್ಮಾ. ಅವರಿಗೆ ವ್ಯೂಸ್ ತಂದು ಕೊಡೋ ಕೆಲಸ ನಾನು ಯಾಕೆ ಮಾಡ್ಲಿ.

⸻

ಹೊಳಲ್ಕೆರೆ ಸೀಮೆ ಅಕ್ಕ ಬರೆದದ್ದು:

ತಮ್ಮಾ, ಮೊದಲು ಮಂಡಿ ಹೆಂಗಿದೆ ಹೇಳು. ಉಳಿದದ್ದು ಆಮೇಲೆ.

ನಾನು ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ನಮ್ಮ ಕಡೆ ವಿಆರ್‌ಡಬ್ಲ್ಯು ಅಂತಾರಲ್ಲ, ಅದೇ. ನನಗೂ ಪೋಲಿಯೊ. ಮನೆಮನೆ ಸುತ್ತಿ ಅರ್ಜಿ ಬರೆಸೋದು, ಬೋರ್ಡ್ ಕೂರೋ ದಿನ ಆಸ್ಪತ್ರೆಗೆ ಜನ ಕರ್ಕೊಂಡು ಹೋಗೋದು ನನ್ನ ಕೆಲಸ. ಹಂಗಾಗಿ ಹೇಳ್ತೀನಿ. 2016ರ ಕಾಯ್ದೆಯ ಪ್ರತಿ ನಿನ್ನ ಅಂಗಡೀಲೇ ಪ್ರಿಂಟ್ ತಗೋ. 91ನೇ ಸೆಕ್ಷನ್ ಎಲ್ಲರಿಗೂ ಗೊತ್ತು: ಸುಳ್ಳು ಹೇಳಿ ಅಂಗವಿಕಲರ ಸವಲತ್ತು ತಗೊಂಡ್ರೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅದರ ಮುಂದಿನ ಪುಟ ಯಾರೂ ತಿರುವಲ್ಲ. 92ನೇ ಸೆಕ್ಷನ್ ಪ್ರಕಾರ ಅಂಗವಿಕಲರನ್ನ ನಾಲ್ಕು ಜನರ ಎದುರಿಗೆ ಬೇಕು ಅಂತಲೇ ಅವಮಾನ ಮಾಡಿದ್ರೆ ಆರು ತಿಂಗಳಿಗೆ ಕಡಿಮೆ ಇಲ್ಲದೆ ಐದು ವರ್ಷದವರೆಗೆ ಶಿಕ್ಷೆ, ಜೊತೆಗೆ ದಂಡ. ಸ್ಟೇಷನ್ನಲ್ಲಿ ಬಾಯಲ್ಲಿ ಹೇಳಿದ್ರೆ ‘ಹಂಗೊಂದು ಸೆಕ್ಷನ್ ಇದೆಯಾ’ ಅಂತ ನಿನ್ನನ್ನೇ ಕೇಳ್ತಾರೆ. ಪ್ರಿಂಟ್ ಮುಂದಿಡು. ಬೆಂಗಳೂರಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ, ಅಲ್ಲಿಗೊಂದು ಪ್ರತಿ ಕಳಿಸು.

ಇಂಥಾ ಸುದ್ದಿ ಬಂದ್ರೆ ನಿನ್ನೊಬ್ಬನಿಗೇ ಅವಮಾನ ಅಂತ ತಿಳೀಬೇಡ. ನಮ್ಮಲ್ಲಿ ಒಮ್ಮೆ ‘ಬೋಗಸ್ ಪಿಂಚಣಿ’ ಅಂತ ದೊಡ್ಡದಾಗಿ ಬಂತು. ವಾರದೊಳಗೆ ಮೇಲಿಂದ ಆದೇಶ, ಎಲ್ಲರದ್ದೂ ಮರುಪರಿಶೀಲನೆ. ಎಲ್ಲರೂ ಬಂದು ಹೆಬ್ಬೆಟ್ಟು ಒತ್ತಬೇಕು. ನಮ್ಮ ಹಳ್ಳೀಲಿ ಒಬ್ಬ ಅಜ್ಜಿ. ಕುಷ್ಠರೋಗ ಗುಣ ಆಗಿ ಮೂವತ್ತು ವರ್ಷ ಆಗಿದೆ, ಕೈಬೆರಳು ಹೋಗಿವೆ. ಆ ಮಿಷಿನ್ ಮುಂದೆ ಕೈ ಚಾಚಿ ಕೂತಿದ್ದು ಇವತ್ತಿಗೂ ನನ್ನ ಕಣ್ಣಮುಂದಿದೆ. ಮೊಂಡುಗೈ ಇಟ್ರು, ತೆಗೆದ್ರು, ಸೆರಗಲ್ಲಿ ಒರೆಸಿ ಮತ್ತೆ ಇಟ್ರು. ಮಿಷಿನ್ ಕೆಂಪು ದೀಪ ತೋರಿಸ್ತು. ಆಪರೇಟರ್ ಹುಡುಗ ‘ಇನ್ನೊಂದು ಬೆರಳು ಇಡಜ್ಜಿ’ ಅಂದ. ಅಭ್ಯಾಸದ ಮೇಲೆ ಅಂದುಬಿಟ್ಟ, ಅಂದಮೇಲೆ ತಲೆ ತಗ್ಗಿಸಿದ. ಏಳು ತಿಂಗಳು ದುಡ್ಡು ನಿಂತಿತ್ತು. ಕೊನೆಗೆ ಕಣ್ಣಿನ ಮಿಷಿನ್ ತರಿಸಿ ಮಾಡಿಸಿದ್ವಿ. ಆ ಏಳು ತಿಂಗಳಲ್ಲಿ ಸುದ್ದಿ ಬರೆದವರು ಯಾರೂ ಈ ಕಡೆ ತಲೆ ಹಾಕಲಿಲ್ಲ.

ಆ ಪರಿಶೀಲನೆಯಲ್ಲಿ ನಕಲಿ ಸಿಗಲಿಲ್ವಾ ಅಂದ್ರೆ, ಸಿಕ್ರು. ನನ್ನ ಪಂಚಾಯ್ತಿಯಲ್ಲಿ ಇಬ್ಬರು. ಇಬ್ಬರೂ ಗಟ್ಟಿ ಕುಳ. ಅವರಿಗೆ ಸರ್ಟಿಫಿಕೇಟ್ ಮಾಡಿಸಿಕೊಟ್ಟವನು ಇವತ್ತಿಗೂ ಅದೇ ಹೋಟೆಲ್ ಬೆಂಚಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿಂತಾನೆ. ಅವನ ಕಾಲಿಗೆ ಯಾರೂ ಕೆಂಪು ವೃತ್ತ ಬರೆದಿಲ್ಲ.

⸻

ಹರಿಹರ ಹೊಳೆದಂಡೆ ಬರೆದದ್ದು:

ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನನಗೆ ಎರಡೂ ಕಿವಿ ಕೇಳಲ್ಲ, ಗಟ್ಟಿ ಧ್ವನಿ ಅಂದ್ರೆ ಹೆಂಗಿರುತ್ತೆ ಅಂತಾನೂ ಮರೆತಿದೆ. (ಈ ಜಾಗ ನನಗೆ ಇಷ್ಟ ಆಗೋದು ಅದಕ್ಕೇ. ಇಲ್ಲಿ ಎಲ್ಲರೂ ಬರೀತಾರೆ, ಯಾರೂ ಮಾತಾಡಲ್ಲ.)

ಜಗಳೂರಿನವರೇ, ನಿಮಗಾದದ್ದು ಅನ್ಯಾಯ, ಒಪ್ಪಿದೆ. ಆದ್ರೆ ಆ ಈರುಳ್ಳಿ ಗಿರಾಕಿಯ ಅರ್ಜಿ ತುಂಬಿದ್ರಲ್ಲ, ಅದನ್ನ ಓದಿ ಹೊಟ್ಟೆ ಉರೀತು. ಅವನು ಬಸ್ ಪಾಸಿಗೆ ಬಂದಿದ್ದ ಅನ್ಕೊಳ್ಳಿ, ಇನ್ನೊಬ್ಬ ನೌಕರಿಗೇ ಬರ್ತಾನೆ. ಕಾಯ್ದೆ ಪ್ರಕಾರ ಸರ್ಕಾರಿ ನೌಕರಿಯಲ್ಲಿ ನಮಗಿರೋದು ಶೇ. 4 ಮೀಸಲು. ಅದರೊಳಗೆ ಕಿವುಡರಿಗೆ ಒಂದು ಪಾಲು. ನಾನು ಮೂರು ಸಲ ಬರೆದು ಮೂರು ಸಲ ಅಂಚಲ್ಲಿ ತಪ್ಪಿಸ್ಕೊಂಡವನು. ಒಮ್ಮೆ ದಾಖಲೆ ಪರಿಶೀಲನೆಗೆ ಹೋದಾಗ ಅದೇ ಕೋಟಾದ ಇಬ್ಬರು ಕಾರಿಡಾರಲ್ಲಿ ಗೋಡೆ ಕಡೆ ಮುಖ ಮಾಡ್ಕೊಂಡು ಫೋನಲ್ಲಿ ಮಾತಾಡ್ತಿದ್ರು. ಸ್ವಲ್ಪ ಕೇಳೋರೂ ಈ ಕೋಟಾದಲ್ಲಿ ಇರ್ತಾರೆ, ಅದು ನನಗೆ ಗೊತ್ತು. ಆದ್ರೂ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕಿವಿಯಲ್ಲಿ ಮೋಸ ಸುಲಭ, ಯಾಕೆ ಅಂತ ಹೇಳ್ತೀನಿ. ಸಾಮಾನ್ಯ ಆಡಿಯೊಮೆಟ್ರಿಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸ್ತಾರೆ, ಶಬ್ದ ಕೇಳಿಸಿದಾಗ ಬಟನ್ ಒತ್ತಬೇಕು. ಕೇಳಿಸಿದ್ರೂ ಒತ್ತದಿದ್ರೆ ಮುಗೀತು, ನೀನು ಕಿವುಡ. ಬೆರಾ ಅಂತ ಇನ್ನೊಂದು ಪರೀಕ್ಷೆ ಇದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದ ಹೋದಾಗ ನರ ಮತ್ತು ಮಿದುಳಿನ ಬುಡದಲ್ಲಿ ಏಳೋ ಅಲೆ ನೋಡ್ತಾರೆ. ಅಲ್ಲಿ ನಾಟಕ ನಡೆಯೋದು ಕಷ್ಟ. ಅನುಮಾನ ಬಂದಲ್ಲೆಲ್ಲಾ ಅದನ್ನ ಮಾಡಿಸಿ ಅಂತ ನಾವೇ ಕೇಳಬೇಕು. ಅದು ನಮಗೇ ರಕ್ಷಣೆ.

ಮಾಧ್ಯಮ ಬೇಡ ಅನ್ನೋರಿಗೆ ಒಂದು ಪ್ರಶ್ನೆ. 2024ರಲ್ಲಿ ಐಎಎಸ್ ತರಬೇತಿಯಲ್ಲಿದ್ದ ಪೂಜಾ ಖೇಡ್ಕರ್ ವಿಚಾರ ಹೊರಗೆ ಬಂದದ್ದು ಹೆಂಗೆ? ಪುಣೆಯಲ್ಲಿ ಖಾಸಗಿ ಕಾರಿನ ಮೇಲೆ ದೀಪ ಹಾಕ್ಕೊಂಡ ಸುದ್ದಿಯಿಂದ ಶುರುವಾಗಿ, ಅಂಗವೈಕಲ್ಯದ ಸರ್ಟಿಫಿಕೇಟ್‌ವರೆಗೆ ಪತ್ರಕರ್ತರು ಬೆನ್ನು ಬಿಡಲಿಲ್ಲ. ಜುಲೈ 31ಕ್ಕೆ ಯುಪಿಎಸ್‌ಸಿ ಆಯ್ಕೆ ರದ್ದು ಮಾಡ್ತು, ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸೇವೆಯಿಂದಲೇ ತೆಗೀತು. ಆಕೆ ಆರೋಪ ಒಪ್ಪಿಲ್ಲ, ಕೋರ್ಟಿಗೆ ಹೋಗಿದಾರೆ, ಅದು ಬೇರೆ. ಬೆನ್ನು ಹತ್ತೋದು ಹಂಗೆ, ಕಾಗದ ಹಿಡ್ಕೊಂಡು. ನಿಮ್ಮ ಚಾನೆಲ್ ಹುಡುಗ ಕಾಗದ ಕೇಳಲೇ ಇಲ್ಲ, ಕಾಲು ನೋಡಿದ.

ಅದಾದ ಎರಡು ತಿಂಗಳು ನಾನು ಬಸ್ ಪಾಸ್ ತೋರಿಸಿದಾಗೆಲ್ಲಾ ಕಂಡಕ್ಟರ್ ಒಬ್ಬರು ತುಟಿ ಅಲ್ಲಾಡಿಸಿ ಏನೋ ಅಂತಿದ್ರು. ತುಟಿ ಓದೋಕೆ ಬರುತ್ತೆ ನನಗೆ. ‘ಒರಿಜಿನಲ್ಲಾ?’ ಅಂತಿದ್ರು.

⸻

ಲೆಸ್ಟರ್‌ನಲ್ಲಿ ಬೆಣ್ಣೆದೋಸೆ ಬರೆದದ್ದು:

ವಿದ್ಯಾನಗರದ ಹುಡುಗ, ಈಗ ಇಂಗ್ಲೆಂಡಿನಲ್ಲಿದೀನಿ. ಇಲ್ಲಿನ ಪೇಪರ್‌ಗಳಲ್ಲಿ ಇದು ಹಳೇ ಆಟ. ಬೆನ್ನುನೋವು ಅಂತ ಭತ್ಯೆ ತಗೊಂಡವನು ಗಾಲ್ಫ್ ಆಡ್ತಾ ಇರೋ ಫೋಟೊ, ಅದೇ ಕಥೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಅಧ್ಯಯನ ಮಾಡಿದ್ರು. ಜನರನ್ನ ಕೂರಿಸಿ, ಅಂಗವಿಕಲರ ಭತ್ಯೆಯಲ್ಲಿ ಎಷ್ಟು ಪಾಲು ಮೋಸ ಇರಬಹುದು ಅಂತ ಕೇಳಿದ್ರೆ ಕೆಲವರು ಶೇ. 10 ಅಂದ್ರು, ಕೆಲವರು ಶೇ. 70ರವರೆಗೂ ಹೋದ್ರು. ಯಾಕೆ ಅಂದ್ರೆ ಪೇಪರಲ್ಲಿ ಓದಿದೀವಿ ಅಂದ್ರು. ಇಲ್ಲಿನ ಮುಖ್ಯ ಭತ್ಯೆಯಲ್ಲಿ ಮೋಸದ ಪಾಲು ಅಂತ ಆಗ ಸರ್ಕಾರವೇ ಹೇಳ್ತಿದ್ದದ್ದು ಶೇ. 0.5.

ನಮ್ಮಲ್ಲೂ ಅಷ್ಟೇ ಇರುತ್ತೆ ಅಂತ ನಾನು ಹೇಳಲ್ಲ. ಇಲ್ಲಿ ನಾಡಕಚೇರಿ ಎದುರಿಗೆ ಬ್ರೋಕರ್ ಇರಲ್ಲ.

⸻

ಹಳೇ ಸ್ಟ್ರಿಂಗರ್ ಬರೆದದ್ದು:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬರೆಯಬಾರದು ಅಂದುಕೊಂಡಿದ್ದೆ, ಹರಿಹರದವರ ಕೊನೆಯ ಸಾಲು ನೋಡಿ ಬರೆಯುತ್ತಿದ್ದೇನೆ.

ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಹದಿನಾಲ್ಕು ವರ್ಷ ಸುದ್ದಿ ಮಾಡಿದೆ. ಈಗ ಬಿಟ್ಟು ಅಡಿಕೆ ತೋಟ ನೋಡಿಕೊಂಡಿದ್ದೇನೆ. ಜೆರಾಕ್ಸ್ ತಮ್ಮನ ಮೇಲೆ ಬಂದಂಥ ಸುದ್ದಿ ನಾನೂ ಮಾಡಿದ್ದೇನೆ, ಅದು ಹೇಗೆ ತಯಾರಾಗುತ್ತದೆ ಹೇಳುತ್ತೇನೆ. ಮೊದಲು ಒಂದು ಫೋನ್. ಮಾಡಿದವನಿಗೆ ಭ್ರಷ್ಟಾಚಾರದ ಮೇಲೆ ಸಿಟ್ಟಿರುವುದಿಲ್ಲ, ಪಕ್ಕದ ಮನೆಯವನ ಮೇಲೆ ಇರುತ್ತದೆ: ಸೈಟಿನ ತಕರಾರು, ಪಂಚಾಯ್ತಿ ಎಲೆಕ್ಷನ್, ಮುರಿದುಬಿದ್ದ ಹೆಣ್ಣು ಕೇಳೋ ಶಾಸ್ತ್ರ. ಎರಡನೆಯದು ಒಂದು ಫೋಟೊ. ಮೂರನೆಯದು ಅಧಿಕಾರಿಯ ಒಂದು ಸಾಲು: ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.’ ಈ ಸಾಲನ್ನು ಎಷ್ಟೋ ಸಲ ಫೋನ್ ಮಾಡದೆಯೇ ಹಾಕಿದ್ದೇನೆ, ಯಾರೂ ಇಲ್ಲ ಅನ್ನಲಿಲ್ಲ. ನನಗೆ ಸಿಕ್ಕಿದ್ದು ಮೂರು ಹೆಸರು. ಬರೆದದ್ದು ‘ತಾಲ್ಲೂಕಿನಲ್ಲಿ ನಕಲಿ ಅಂಗವಿಕಲರ ಹಾವಳಿ’. ನಮ್ಮ ಕಡೆ ಕರಡಿ ಹಾವಳಿ, ಚಿರತೆ ಹಾವಳಿ, ಮಂಗಗಳ ಹಾವಳಿ ಇರುತ್ತದಲ್ಲ, ಅದೇ ಕೈ, ಅದೇ ಪದ. ಆ ಮೂವರಲ್ಲಿ ಒಬ್ಬರಿಗೆ ಮೂರ್ಛೆರೋಗದ ಜೊತೆ ಮಾನಸಿಕ ಕಾಯಿಲೆ. ಸಂತೆಯಲ್ಲಿ ಚೀಲ ಹೊತ್ತದ್ದನ್ನು ನಾನು ಕಂಡಿದ್ದೆ, ಅಷ್ಟೇ ನನ್ನ ಸಾಕ್ಷಿ. ತಿದ್ದುಪಡಿ ಹಾಕಲಿಲ್ಲ. ಅವರ ತಾಯಿ ಕಚೇರಿಗೆ ಬಂದಾಗ ನಾನು ಹಿಂದಿನ ಬಾಗಿಲಿಂದ ಹೋದೆ.

ನಾವು ಮಾಡದ ಸುದ್ದಿಯನ್ನೂ ಹೇಳುತ್ತೇನೆ. ಕೇಂದ್ರದ ಅಂಗವಿಕಲ ಪಿಂಚಣಿ ಸಿಗುವುದು ಶೇ. 80 ಅಥವಾ ಮೇಲ್ಪಟ್ಟ ಅಂಗವೈಕಲ್ಯ ಇರುವ ಬಡವರಿಗೆ ಮಾತ್ರ, ಕೇಂದ್ರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ. ಅದು, ವೃದ್ಧಾಪ್ಯ ವೇತನ, ವಿಧವಾ ವೇತನ ಎಲ್ಲ ಒಂದೇ ಯೋಜನೆಯ ಕೆಳಗೆ ಬರುತ್ತವೆ. ಆ ಯೋಜನೆಯ 2017ರಿಂದ 2021ರವರೆಗಿನ ಲೆಕ್ಕ ತೆಗೆದ ಸಿಎಜಿ (ಮಹಾಲೆಕ್ಕ ಪರಿಶೋಧಕರ) ವರದಿ 2023ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಬಂತು. ಪಿಂಚಣಿ ಯೋಜನೆಗಿದ್ದ ಹಣದಲ್ಲಿ 2.83 ಕೋಟಿ ರೂಪಾಯಿಯನ್ನು ಸಚಿವಾಲಯ ಬೇರೆ ಯೋಜನೆಗಳ ಪ್ರಚಾರಕ್ಕೆ ತಿರುಗಿಸಿದೆ ಅಂತ ಅದರಲ್ಲಿದೆ. 300 ರೂಪಾಯಿಯ ಲೆಕ್ಕದಲ್ಲಿ ಅದು ಎಷ್ಟು ಜನರ ಎಷ್ಟು ತಿಂಗಳು ಅಂತ ನೀವೇ ಭಾಗಿಸಿಕೊಳ್ಳಿ. ಅದಕ್ಕೆ ಕೆಂಪು ವೃತ್ತ ಹಾಕಲು ಫೋಟೊ ಇಲ್ಲ. ಫೋಟೊ ಇಲ್ಲದ್ದು ನಮ್ಮಲ್ಲಿ ಸುದ್ದಿಯಲ್ಲ.

ಈಗ ಉಪಯೋಗದ ಮಾತು. ಪತ್ರಿಕೆಯಾಗಿದ್ದರೆ ಪ್ರೆಸ್ ಕೌನ್ಸಿಲ್‌ಗೆ ಬರೆಯಬಹುದಿತ್ತು. ಅದರ ವ್ಯಾಪ್ತಿಗೆ ಟಿವಿ, ಯೂಟ್ಯೂಬ್ ಬರುವುದಿಲ್ಲ. ಆನ್‌ಲೈನ್ ಸುದ್ದಿಯವರಿಗೆ 2021ರ ಐಟಿ ನಿಯಮಗಳಿವೆ. ದೂರು ಕೊಟ್ಟ ಹದಿನೈದು ದಿನದೊಳಗೆ ಅವರು ತೀರ್ಮಾನ ತಿಳಿಸಬೇಕು. ಈ ಹುಡುಗರಿಗೆ ಅಂಥದ್ದೊಂದು ನಿಯಮ ಇದೆ ಅನ್ನುವುದೇ ಗೊತ್ತಿರುವುದಿಲ್ಲ, ಆದರೂ ಬರವಣಿಗೆಯಲ್ಲಿ ಕೊಡು, ದಿನಾಂಕ ಹಾಕು, ಒಂದು ಪ್ರತಿ ಇಟ್ಟುಕೋ. ಯೂಟ್ಯೂಬ್‌ನಲ್ಲೇ ಕಿರುಕುಳ, ಖಾಸಗಿತನ ಅಂತ ವರದಿ ಮಾಡುವ ಅವಕಾಶವಿದೆ, ಅದನ್ನೂ ಮಾಡು. ಸರ್ಟಿಫಿಕೇಟಿನ ಪ್ರತಿ ಮಾತ್ರ ಅವರಿಗೆ ಕೊಡಬೇಡ. ಅದನ್ನೂ ತೆರೆಯ ಮೇಲೆ ಹಾಕುತ್ತಾರೆ.

⸻

ಜೆರಾಕ್ಸ್ ಜಗಳೂರು, ಆರು ದಿನ ಆದಮೇಲೆ:

ಅಕ್ಕಾ, ಮಂಡಿ ಇಳಿದಿದೆ. ಇಂಥಾ ಊತಕ್ಕೆ ಚಿಕ್ಕವನಿದ್ದಾಗ ಐಸ್ ಇಟ್ಕೊಂಡು ಹದಿನೈದು ದಿನ ಒದ್ದಾಡ್ತಿದ್ದೆ. ಈಗ ಫ್ಯಾಕ್ಟರ್ ಸಿಗುತ್ತೆ. ದಾವಣಗೆರೆಯಲ್ಲಿ ಹಿಮೊಫಿಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೂ ಇದೇ ಕಾಯಿಲೆ ಇದೆ, ಅದು ಗೊತ್ತಾದ ದಿನದಿಂದ ನನಗೆ ಒಂಥರಾ ಧೈರ್ಯ. ಅವರು ನಡೆದು ಬರೋದನ್ನ ಯಾರಾದ್ರೂ ಹನ್ನೊಂದು ಸೆಕೆಂಡು ಹಿಡಿದ್ರೆ ಏನು ಶೀರ್ಷಿಕೆ ಕೊಡ್ತಾರೋ.

ಹರಿಹರದ ಅಣ್ಣಾ, ನೀವು ಬೈದದ್ದು ಸರಿ. ಅಂಗಡಿಯಲ್ಲಿ ಒಂದು ಕಾಗದ ಅಂಟಿಸಿದೀನಿ, ‘ಯುಡಿಐಡಿ ಅರ್ಜಿಗೆ ಅರ್ಜಿದಾರರೇ ಬರಬೇಕು, ಬರಲಾಗದವರ ಮನೆಗೆ ನಾನೇ ಬರ್ತೀನಿ, ಮಧ್ಯವರ್ತಿಗಳ ಮೂಲಕ ತುಂಬಲ್ಲ’ ಅಂತ. ಮೊದಲ ದಿನಾನೇ ಆ ಬ್ರೋಕರ್ ಬಂದು ಓದಿ ನಕ್ಕ. ಎದುರಿನ ಅಂಗಡಿಗೆ ಹೋದ.

ಚಾನೆಲ್‌ಗೆ ಪತ್ರ ಬರೆದೆ. ಎರಡು ಪುಟ, ನಾನೇ ಟೈಪ್ ಮಾಡಿ, 92ನೇ ಸೆಕ್ಷನ್ ಜೋಡಿಸಿ ರಿಜಿಸ್ಟರ್ ಪೋಸ್ಟ್ ಮಾಡಿದೆ. ಮೂರನೇ ದಿನ ಹುಡುಗ ಫೋನ್ ಮಾಡಿದ. ಬೈತಾನೆ ಅನ್ಕೊಂಡಿದ್ದೆ, ಭಾರೀ ಪ್ರೀತಿಯಿಂದ ಮಾತಾಡಿದ. ‘ಅಣ್ಣಾ, ನಮಗೆ ಗೊತ್ತಿರಲಿಲ್ಲ, ಒಂದು ಬೈಟ್ ಕೊಡ್ರಿ, ನಿಮ್ಮ ಪರವಾಗೇ ಮಾಡ್ತೀವಿ’ ಅಂದ. ಏನು ಹೇಳಬೇಕು ಅಂತ ಕೇಳಿದೆ. ‘ಜಾಸ್ತಿ ಏನಿಲ್ಲ, ಪ್ಯಾಂಟ್ ಮೇಲೆತ್ತಿ ಮಂಡಿ ತೋರಿಸಿಬಿಡ್ರಿ, ಊದಿರೋವಾಗ ಆದ್ರೆ ಚೆನ್ನಾಗಿ ಬರುತ್ತೆ. ಅಮ್ಮನೂ ಪಕ್ಕದಲ್ಲಿರಲಿ’ ಅಂದ.

ಊತ ಇಳಿದಿದೆ ತಮ್ಮಾ ಅಂದೆ. ‘ಪರ್ವಾಗಿಲ್ಲ, ಮತ್ತೆ ಯಾವಾಗ ಬರುತ್ತೆ?’ ಅಂತ ಕೇಳಿದ.

ಫೋನ್ ಇಟ್ಟೆ. ಸ್ಟೇಷನ್ನಿಗೆ ಹೋಗೋದು ಸೋಮವಾರ ಅಂತ ಇಟ್ಕೊಂಡಿದೀನಿ, ಭಾವ ಬರ್ತೀನಿ ಅಂದಿದಾನೆ. ಆಯುಕ್ತರ ಕಚೇರಿಗೆ ಪ್ರತಿ ಹೋಗಿದೆ. ವಿಡಿಯೊ ಇನ್ನೂ ಹಂಗೇ ಇದೆ. ನಿನ್ನೆ ತೆಗೆದು ನೋಡಿದೆ, ಶೀರ್ಷಿಕೆ ಮಾತ್ರ ಒಂಚೂರು ತಿದ್ದಿದಾರೆ. ‘ಓಟ!’ ಅಂತ ಇದ್ದದ್ದು ಈಗ ‘ಓಟ?’ ಆಗಿದೆ.